ಯಲವಿಗಿ ರಸ್ತೆಯ ತಿರುವಿನ ದೀಪಗಳು

ಸವಣೂರಿನಿಂದ ಯಲವಿಗಿ ಸ್ಟೇಶನ್ನಿಗೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದು ಹೊಲಗಳು ಶುರುವಾಗುವಲ್ಲಿ ಒಂದು ತಿರುವಿದೆ. ಆ ತಿರುವಿನ ಹೊರಮಗ್ಗುಲಿಗೆ ಮೂರು ಅಂತಸ್ತಿನ ಹೊಸ ಬಟ್ಟೆ ಅಂಗಡಿಯೊಂದು ಎದ್ದಿತ್ತು. ಅದರ ಹೊರಮೈ ಮತ್ತು ಹೊರಗಿನ ದೀಪಗಳ ಪರಿಶೀಲನೆ ನನ್ನ ಪಾಲಿಗೆ ಬಂದಾಗ ನನ್ನ ಅಕ್ಕ ತೀರಿಕೊಂಡು ಒಂದೆರಡು ತಿಂಗಳಾಗಿತ್ತು.

ಹಾನಗಲ್ಲಿನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಶಾಲೆಯಲ್ಲಿ ಕಲಿಸುತ್ತಿದ್ದಳು, ನಾನು ಕಟ್ಟಡಗಳ ನಕ್ಷೆ ಮಾಡುತ್ತಿದ್ದೆ. ಅವಳು ಹೋದ ಮೇಲೆ ನಾನು ಅತ್ತದ್ದು ಕಡಿಮೆ. ಬಂದವರು ಅದನ್ನು ಧೈರ್ಯವೆಂದುಕೊಂಡರು. ಧೈರ್ಯವೇನೂ ಇರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗೆ ಇಡೀ ಮೈ ಇತ್ತು. ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ಕೆಲಸ ಮಾತ್ರ ಮೊದಲಿನಂತೆಯೇ ನಡೆಯುತ್ತಿತ್ತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರುಗಳಲ್ಲಿ ಏಳುವ ದೊಡ್ಡ ಅಂಗಡಿ, ಲಾಡ್ಜ್, ಮಂಗಲ ಕಾರ್ಯಾಲಯಗಳ ಮುಂಭಾಗ ನೋಡಿ ಅಭಿಪ್ರಾಯ ಕೊಡುವ ಸಣ್ಣ ಸಮಿತಿ ನಮ್ಮದು. ನಿವೃತ್ತ ಎಂಜಿನಿಯರರೊಬ್ಬರು ಅಧ್ಯಕ್ಷರು, ವಿದ್ಯುತ್ ಕೆಲಸ ಬಲ್ಲ ಸವಣೂರಿನ ಎಂಜಿನಿಯರ್ ಒಬ್ಬರು, ಮತ್ತು ನಾನು. ನಮ್ಮ ಒಪ್ಪಿಗೆಯಿಲ್ಲದೆ ಅಂಗಡಿಯ ಬಾಗಿಲು ತೆರೆಯುವಂತಿರಲಿಲ್ಲ.

ಮೊದಲ ಸಲ ಹೋದದ್ದು ಸಂಜೆಗೆ ತುಸು ಮುಂಚೆ. ಕಟ್ಟಡದ ಮುಖ ಪಡುವಣಕ್ಕಿತ್ತು. ಮೇಲಿನ ಎರಡು ಅಂತಸ್ತಿಗೆ ಪೂರ್ತಿ ನೀಲಿ ಗಾಜು, ಅದರ ಸುತ್ತ ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಹಾಳೆಯ ಹೊದಿಕೆ. ಇಳಿಬಿಸಿಲು ಆ ಗಾಜಿಗೆ ಬಡಿದು ನೇರ ರಸ್ತೆಗೆ ಮರಳುತ್ತಿತ್ತು. ಎದುರಿನ ಚಹಾದ ಅಂಗಡಿಯವನು ಆ ಹೊತ್ತಿಗೆ ಗೋಣಿಚೀಲ ಇಳಿಬಿಟ್ಟು ಕೂರುತ್ತೇನೆಂದ. ಮಾಳಿಗೆಯ ಅಂಚಿಗೆ ಸಾಲಾಗಿ ದೊಡ್ಡ ಫ್ಲಡ್‌ಲೈಟುಗಳಿದ್ದವು. ಅಂಗಡಿಯ ಗೋಡೆಗೆ ಬೆಳಕು ಹಾಕುವ ದೀಪಗಳು ಸಾಮಾನ್ಯವಾಗಿ ಗೋಡೆಯ ಕಡೆಗೆ ಮುಖ ಮಾಡಿರುತ್ತವೆ. ಇವುಗಳ ಮುಖ ಹೊರಕ್ಕಿತ್ತು, ರಸ್ತೆಯ ಕಡೆಗೆ.

ಮಾಲೀಕರು ಅರವತ್ತು ದಾಟಿದವರು. ಬಿಳಿ ಪೈಜಾಮ, ಬಿಳಿ ಜುಬ್ಬ, ಬಿಳಿ ಟೊಪ್ಪಿಗೆ. ಸವಣೂರಿನಲ್ಲಿ ಅವರ ಮನೆತನ ಅಜ್ಜನ ಕಾಲದಿಂದ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದದ್ದು. ಕುರ್ಚಿ ತರಿಸಿದರು, ಚಹಾ ತರಿಸಿದರು, ನಾನು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡರು. ಗಾಜಿನ ಮುಂದೆ ಅಡ್ಡ ಪಟ್ಟಿಗಳ ನೆರಳು ಕೊಡಿಸಬೇಕು, ಬೆಳ್ಳಿ ಹಾಳೆ ತೆಗೆದು ಹೊಳಪಿಲ್ಲದ ಮಣ್ಣಿನ ಬಣ್ಣದ್ದು ಹಾಕಬೇಕು, ಬಾಗಿಲ ಮೇಲಿನ ಜಾಹೀರಾತಿನ ಪರದೆಯ ಬೆಳಕು ಇಳಿಸಬೇಕು, ಅದರ ಮೇಲೆ ಚಿತ್ರಗಳು ಓಡಬಾರದು ಎಂದೆ. ಎಲ್ಲದಕ್ಕೂ ಆಗಲಿ ಎಂದರು. ಇಷ್ಟು ಸುಲಭವಾಗಿ ಒಪ್ಪಿಕೊಂಡ ಮಾಲೀಕರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಕೊನೆಗೆ ಮಾಳಿಗೆಯ ದೀಪಗಳ ಮಾತೆತ್ತಿದೆ. ಅವನ್ನು ತಿರುಗಿಸಬೇಕು, ಇಲ್ಲವೆ ಇಳಿಸಬೇಕು ಎಂದೆ.

ಅವರು ಕಪ್ಪು ಕೆಳಗಿಟ್ಟರು.

“ಲೈಟ್ ಬಿಟ್ಟು ಬ್ಯಾರೆ ಏನರ ಹೇಳ್ರಿ ಅಕ್ಕಾರ, ಮಾಡ್ತೇನಿ. ಲೈಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ.”

ದನಿಯಲ್ಲಿ ಜಗಳವಿರಲಿಲ್ಲ. ಯಾಕೆ ಎಂದು ಕೇಳಿದೆ. ರಸ್ತೆಗೆ ಬೆಳಕು ಬೇಕು ಎಂದಷ್ಟೇ ಹೇಳಿ ನಮಾಜಿಗೆ ಹೊತ್ತಾಯಿತೆಂದು ಎದ್ದರು.

ಮರಳುವಾಗ ಜೊತೆಗೆ ಬಂದಿದ್ದ ಸವಣೂರಿನ ಎಂಜಿನಿಯರ್ ಕಾರಣ ಹೇಳಿದರು. ಅವರಿಗೆ ಅಂಗಡಿಯೂ ಗೊತ್ತು, ಮನೆತನವೂ ಗೊತ್ತು. ಮಾಲೀಕರ ಕಿರಿಯ ಮಗ ಹಿಂದಿನ ವರ್ಷ ಯಲವಿಗಿ ಸ್ಟೇಶನ್ನಿಗೆ ಯಾರನ್ನೋ ಬಿಟ್ಟು ಬೈಕಿನಲ್ಲಿ ವಾಪಸು ಬರುತ್ತಿದ್ದ. ತಿರುವಿನ ಹತ್ತಿರ ಬೈಕು ಪಂಕ್ಚರ್ ಆಗಿ, ಅದನ್ನು ತಳ್ಳಿಕೊಂಡು ರಸ್ತೆಯ ಅಂಚಿನಲ್ಲಿ ನಡೆದುಬರುತ್ತಿದ್ದಾಗ ಹಿಂದಿನಿಂದ ಬಂದ ಟೆಂಪೊ ಹೊಡೆಯಿತು. ಆಗ ಅಲ್ಲಿ ಒಂದೂ ದೀಪವಿರಲಿಲ್ಲ. ಆ ತಿರುವಿನಲ್ಲಿದ್ದ ಹೊಲದ ತುಣುಕನ್ನು ಮಾಲೀಕರು ಕೊಂಡದ್ದು ಅದಾದ ಮೇಲೆ. ಪೇಟೆಯಲ್ಲಿ ನಡೆಯುತ್ತಿದ್ದ ಅಂಗಡಿಯನ್ನು ಊರ ಹೊರಗೆ ಯಾಕೆ ಒಯ್ಯುತ್ತಾರೆಂದು ಜನ ಆಡಿಕೊಂಡರಂತೆ. ಅವರಿಗೆ ಅಂಗಡಿಗಿಂತ ಅದರ ಮಾಳಿಗೆ ಬೇಕಾಗಿತ್ತು, ದೀಪ ಕೂರಿಸಲಿಕ್ಕೆ.

ಇದನ್ನು ಕೇಳಿ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಬೇಕು ಎಂಬುದು ತಿಳಿಯಿತು, ಅಷ್ಟೆ. ನಾನು ಮಾಳಿಗೆಯ ಎತ್ತರ ಮತ್ತು ದೀಪಗಳ ಓರೆಯ ಲೆಕ್ಕ ಹಾಕುತ್ತಿದ್ದೆ.

ಯಲವಿಗಿ ಕಡೆಯಿಂದ ಬರುವವರಿಗೆ ರಸ್ತೆ ಎಡಕ್ಕೆ ತಿರುಗುತ್ತದೆ. ತಿರುಗುವ ಮುಂಚೆ ಗಾಡಿಯ ಮೂತಿ ನೇರ ಈ ಕಟ್ಟಡದ ಕಡೆಗೇ ಇರುತ್ತದೆ. ಮಾಳಿಗೆಯ ದೀಪಗಳು ರಸ್ತೆ ದಾಟಿ ಆಚೆಯ ಅಂಚಿಗೆ ಬೀಳುವಂತೆ ಓರೆಯಾಗಿದ್ದವು. ಹುಡುಗ ಸತ್ತದ್ದು ಆ ಅಂಚಿನಲ್ಲಿ. ಅಂದರೆ ಚಾಲಕನ ಕಣ್ಣಿಗೆ ನೇರ ಹೊಡೆದ ಮೇಲೆಯೇ ಬೆಳಕು ಅಲ್ಲಿಗೆ ಮುಟ್ಟುತ್ತಿತ್ತು. ಅಲ್ಲಿ ನಡೆಯುವ ಮನುಷ್ಯನ ಮೈಯ ಕಟ್ಟಡದ ಕಡೆಯ ಬದಿ ಬೆಳಗುತ್ತದೆ. ಹಿಂದಿನಿಂದ ಬರುವ ಚಾಲಕನಿಗೆ ಕಾಣಬೇಕಾದ ಬೆನ್ನಿನ ಬದಿ ಕತ್ತಲಾಗಿಯೇ ಉಳಿಯುತ್ತದೆ. ನನಗೆ ಇದು ಕಾಗದದ ಮೇಲೆ ಸ್ಪಷ್ಟವಿತ್ತು. ಅಂಚಿನಲ್ಲಿ ನಿಂತವನನ್ನು ಉಳಿಸಲೆಂದು ಹಾಕಿದ ದೀಪಗಳು ಅವನನ್ನು ಮರೆಮಾಡುತ್ತಿದ್ದವು.

ಇದನ್ನೇ ವರದಿಯಲ್ಲಿ ಬರೆದೆ. ಅಧ್ಯಕ್ಷರು ಓದಿ, ಇದು ನಿಮ್ಮ ಅಭಿಪ್ರಾಯವಾಯಿತು, ಅಳತೆ ಎಲ್ಲಿದೆ ಎಂದರು. ಅವರ ಕೇಳಿಕೆ ತಪ್ಪಲ್ಲ. ಬೆಳಕು ಅಳೆಯುವ ಮೀಟರು ತೆಗೆದುಕೊಂಡು ಎರಡನೆಯ ಸಲ ಹೋದೆವು. ಆ ಸಂಜೆ ಕರೆಂಟೇ ಇರಲಿಲ್ಲ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿಂದು ಮರಳಿದೆವು. ಮಿರ್ಚಿ ಬಿಸಿಯಿತ್ತೆಂಬುದು ಬಾಯಿ ಸುಟ್ಟ ಮೇಲೆ ಗೊತ್ತಾಯಿತು.

ಮೂರನೆಯ ಸಲ ಹೋದಾಗ ದೀಪಗಳು ಹತ್ತಿದ್ದವು. ರಸ್ತೆಯ ಮೇಲೆ ಸುಣ್ಣದ ಗುರುತು ಹಾಕಿ, ಒಂದೊಂದು ಗುರುತಿನಲ್ಲೂ ಮೀಟರನ್ನು ನೆಲಕ್ಕಿಟ್ಟು ಅಂಕಿ ಬರೆದುಕೊಂಡೆವು. ಅಂಕಿಗಳೆಲ್ಲ ಮಾಲೀಕರ ಪರವಾಗಿದ್ದವು. ಅಂಥ ರಸ್ತೆಗೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಬೆಳಕು ಡಾಂಬರಿನ ಮೇಲೆ ಬೀಳುತ್ತಿತ್ತು. ನೆಲಕ್ಕಿಟ್ಟ ಮೀಟರು ನೆಲಕ್ಕೆ ಬಿದ್ದ ಬೆಳಕನ್ನಷ್ಟೇ ಹೇಳುತ್ತದೆ. ಕಣ್ಣಿಗೆ ಏನಾಗುತ್ತದೆಂದು ಅದು ಹೇಳುವುದಿಲ್ಲ. ಕಣ್ಣು ಕೋರೈಸುವುದನ್ನು ಅಳೆಯುವ ಸಲಕರಣೆ ನಮ್ಮಲ್ಲಿರಲಿಲ್ಲ, ತರಿಸುವ ದಾರಿಯೂ ಇರಲಿಲ್ಲ.

ನಾವು ಅಳೆಯುವುದನ್ನು ನೋಡಲು ಜನ ಸೇರಿದ್ದರು. ಹೊಲದ ಕೆಲಸ ಮುಗಿಸಿ ಬುತ್ತಿಯ ಗಂಟು ಹಿಡಿದು ಮನೆಗೆ ಹೊರಟಿದ್ದ ಹೆಂಗಸೊಬ್ಬಳು ನನ್ನ ಹತ್ತಿರ ಬಂದು ನಿಂತಳು.

“ಈ ದೀಪ ತಗಸಾಕ ಬಂದೀರಂತ ಹೌದೇನ್ರಿ? ಮೊದ್ಲ ಇಲ್ಲಿ ಹಾದು ಹೋಗಾಕ ಜೀವ ಡವಡವ ಅಂತಿತ್ರಿ. ಹಾವು ಕಾಣ್ತಿದ್ದಿಲ್ಲ, ಮನಷ್ಯಾರೂ ಕಾಣ್ತಿದ್ದಿಲ್ಲ. ಸಾಹೇಬ್ರು ಪುಣ್ಯಾ ಕಟ್ಕೊಂಡಾರ.”

ಅವಳು ನಿಂತ ಜಾಗದಿಂದ ನೋಡಿದರೆ ಅವಳ ಮಾತು ನಿಜ. ನಡೆಯುವವರಿಗೆ ರಸ್ತೆ ಹಗಲಿನಂತೆ ಕಾಣುತ್ತಿತ್ತು. ತಾನು ಚಾಲಕನಿಗೆ ಕಾಣುತ್ತಿಲ್ಲ ಎಂಬುದು ಅವಳಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ.

ಮುಂದಿನ ಸಭೆಗೆ ಮಾಲೀಕರು ಬದಲಿಸಿದ ನಕ್ಷೆ ಕಳಿಸಿದರು. ಗಾಜಿಗೆ ಅಡ್ಡಪಟ್ಟಿ ಬಂದಿತ್ತು, ಹಾಳೆಯ ಬಣ್ಣ ಬದಲಾಗಿತ್ತು, ಪರದೆ ಸಣ್ಣದಾಗಿತ್ತು. ಮಾಳಿಗೆಯ ದೀಪಗಳು ಇದ್ದಲ್ಲೇ ಇದ್ದವು. ಅಧ್ಯಕ್ಷರು ಸಹಿ ಮಾಡಿಬಿಡೋಣ ಎಂದರು. ಹಬ್ಬದೊಳಗೆ ಅಂಗಡಿ ತೆರೆಯಬೇಕೆಂದು ಅವರು ಕಾದಿದ್ದಾರೆ, ಅಳತೆ ಸರಿಯಿದೆ, ಜನರೂ ಒಪ್ಪಿದ್ದಾರೆ, ಅದರ ಮೇಲೆ ಮಗನನ್ನು ಕಳೆದುಕೊಂಡವರು, ನಾವು ಯಾಕೆ ಕಲ್ಲು ಮನಸ್ಸಿನವರಾಗಬೇಕು ಎಂದರು. ನಾನು ಸಹಿ ಮಾಡುವುದಿಲ್ಲ ಎಂದೆ. ಹಟದಿಂದ ಹೇಳಿದ ಮಾತಲ್ಲ ಅದು. ಲೆಕ್ಕ ತಪ್ಪಿದೆ ಎಂದು ಗೊತ್ತಿರುವ ಕಾಗದಕ್ಕೆ ಕೈ ಹೋಗಲಿಲ್ಲ. ಅಧ್ಯಕ್ಷರು ನನ್ನ ಮುಖ ನೋಡಿ, ನಿಮಗೆ ಇನ್ನೂ ಸ್ವಲ್ಪ ರಜೆ ಬೇಕಿತ್ತೇನೋ ಎಂದರು. ಅವರಿಗೆ ಅಕ್ಕನ ವಿಷಯ ಗೊತ್ತಿತ್ತು. ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ.

ಹಾನಗಲ್ಲಿಗೆ ಮರಳುವ ದಾರಿಯಲ್ಲಿ ಕಾರು ನಡೆಸುತ್ತಿದ್ದಾಗ ಇದನ್ನು ಮುಗಿಸುವುದು ಹೇಗೆಂದು ತೀರ್ಮಾನಿಸಿದೆ. ಮೀಟರನ್ನು ಚೀಲದಲ್ಲಿಡಬೇಕು. ಮಾಲೀಕರನ್ನೇ ಸ್ಟಿಯರಿಂಗ್ ಹಿಂದೆ ಕೂರಿಸಬೇಕು. ಅಂಚಿನಲ್ಲಿ ನಾನು ನಿಲ್ಲಬೇಕು. ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿತ್ತು. ತಿರುವಿನಲ್ಲಿ ಒಂದು ಸಣ್ಣ ಮೋರಿ, ಅದಕ್ಕೆ ಸೊಂಟದೆತ್ತರದ ಕಲ್ಲಿನ ಕಟ್ಟೆ. ಹುಡುಗ ಬಿದ್ದದ್ದು ಆ ಕಟ್ಟೆಯ ಬುಡದಲ್ಲಿ. ಕೋನದ ಲೆಕ್ಕದಲ್ಲೂ ಅದೇ ಸರಿಯಾದ ಜಾಗ. ನನ್ನ ಮನಸ್ಸು ನೆಟ್ಟಗಿದ್ದ ದಿನಗಳಲ್ಲಾಗಿದ್ದರೆ ಒಬ್ಬ ತಂದೆಗೆ ಇದನ್ನು ಮಾಡಿಸಲು ಒಪ್ಪುತ್ತಿರಲಿಲ್ಲ. ಆಗ ಅದು ಬರಿಯ ಒಂದು ಪರೀಕ್ಷೆಯಂತೆ ಕಂಡಿತು.

ಎಂಜಿನಿಯರಿಗೆ ಫೋನಿನಲ್ಲಿ ಹೇಳಿದೆ. ತಾನು ಮಾಲೀಕರ ಪಕ್ಕದ ಸೀಟಿನಲ್ಲಿ ಕೂರುತ್ತೇನೆ, ಹ್ಯಾಂಡ್‌ಬ್ರೇಕ್ ಮೇಲೆ ಕೈ ಇಟ್ಟುಕೊಂಡಿರುತ್ತೇನೆ ಎಂದರು. ನಾನು ಕಟ್ಟೆಯ ಹಿಂದೆ ನಿಲ್ಲಬೇಕು, ಮುಂದೆ ಅಲ್ಲ ಎಂದು ಮಾತು ತೆಗೆದುಕೊಂಡರು.

ಮಾಲೀಕರು ತಕರಾರು ಮಾಡಲಿಲ್ಲ. ಬೆಳಕು ಸಾಕಷ್ಟಿದೆ ಎಂದು ನಮಗೇ ತೋರಿಸುವ ಅವಕಾಶ ಸಿಕ್ಕಿತೆಂದು ಅವರು ತಿಳಿದಿರಬೇಕು. ಸಂಜೆಯ ನಮಾಜು ಮುಗಿಸಿ ಬಂದರು. ಪಡುವಣದ ಕೆಂಪು ಆಗಷ್ಟೇ ಆರಿತ್ತು. ನಾನು ಕಂಡ ಕೂಡಲೆ ಗಾಡಿ ನಿಲ್ಲಿಸಬೇಕು, ನಿಧಾನ ಬರಬೇಕು, ಇಷ್ಟೇ ಹೇಳಿದೆ. ಎಲ್ಲಿ ನಿಲ್ಲುತ್ತೇನೆಂದು ಹೇಳಲಿಲ್ಲ. ಅವರಿಬ್ಬರೂ ಕಾರಿನಲ್ಲಿ ಯಲವಿಗಿ ಕಡೆಗೆ ಹೋದರು. ನಾನು ಮೋರಿಯ ಕಟ್ಟೆಯ ಹಿಂದೆ ಹೋಗಿ ನಿಂತೆ. ಅವತ್ತು ಬೂದುಬಣ್ಣದ ಸೀರೆ ಉಟ್ಟಿದ್ದೆ.

ಮಾಳಿಗೆಯ ದೀಪಗಳು ನನ್ನ ಮುಖಕ್ಕೇ ಬಡಿಯುತ್ತಿದ್ದವು. ಕೈಯ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಇಷ್ಟು ಬೆಳಕಿನಲ್ಲಿ ನಾನು ಯಾರಿಗೂ ಕಾಣುವುದಿಲ್ಲ ಎಂಬುದು ನನಗೂ ನಂಬಲಾಗಲಿಲ್ಲ. ಕಾರಿನ ಸದ್ದು ಹತ್ತಿರವಾಯಿತು. ಹೆದರಿಕೆ ಬರಬಹುದೆಂದು ಕಾದೆ. ಬರಲಿಲ್ಲ. ಕಾರು ನಿಧಾನವಾಗಿ ತಿರುವಿಗೆ ಬಂತು, ನನ್ನೆದುರು ಹಾದಿತು, ಅಂಗಡಿಯ ಗೇಟಿನ ತನಕ ಹೋಗಿ ನಿಂತಿತು.

ಮಾಲೀಕರು ಇಳಿದು ಸುತ್ತ ನೋಡಿದರು. ನಾನು ಎಲ್ಲಿ ಎಂದು ಎಂಜಿನಿಯರನ್ನು ಕೇಳುತ್ತಿರುವುದು ಕಾಣುತ್ತಿತ್ತು. ಎಂಜಿನಿಯರ್ ಕೈ ತೋರಿಸಿದರು. ಮಾಲೀಕರು ನಾನಿದ್ದ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತರು, ಮತ್ತೆ ಕಾರು ಹತ್ತಿದರು.

ಎರಡನೆಯ ಸಲ ಅವರಿಗೆ ಜಾಗ ಗೊತ್ತಿತ್ತು. ಹುಡುಕಿಕೊಂಡೇ ಬಂದರು. ಆದರೂ ಕಾರು ನಿಂತದ್ದು ಕಟ್ಟೆಯ ಸಮಕ್ಕೆ ಬಂದ ಮೇಲೆ. ಮೂರನೆಯ ಸಲ ಕಾವಲುಗಾರನಿಗೆ ಹೇಳಿ ಮಾಳಿಗೆಯ ದೀಪಗಳನ್ನು ಆರಿಸಿದೆವು. ಸುತ್ತಲೂ ಒಮ್ಮೆಲೇ ಕತ್ತಲಾಯಿತು, ಹೊಲದ ಕಡೆಯಿಂದ ಹುಳುಗಳ ಸದ್ದು ಕೇಳತೊಡಗಿತು. ಕಾರಿನ ಹೆಡ್‌ಲೈಟು ಬಿಟ್ಟರೆ ಬೇರೆ ಬೆಳಕಿಲ್ಲ. ಆ ಸಲ ಕಾರು ತಿರುವಿಗೂ ಮೊದಲೇ, ಬಹಳ ದೂರದಲ್ಲಿ ನಿಂತುಬಿಟ್ಟಿತು. ಅದರ ಬೆಳಕು ನನ್ನ ಸೀರೆಯ ಮೇಲಿತ್ತು.

ಮಾಲೀಕರು ಅಲ್ಲಿಂದ ನಡೆದೇ ಬಂದರು. ಕಟ್ಟೆಯ ಆಚೆ ನಿಂತು ಅದರ ಮೇಲೆ ಕೈಯೂರಿದರು.

“ಮೊದ್ಲಿನ ಸರ್ತಿ ನಿಮ್ಮನ್ನ ದಾಟಿ ಹೋದ್ನೆಲ್ರಿ,” ಎಂದರು.

“ಹೌದ್ರಿ.”

“ಕಾಣ್ಲಿಲ್ಲ ಅಕ್ಕಾರ. ಅಲ್ಲಾನ ಆಣಿ, ಕಾಣ್ಲಿಲ್ಲ.”

ಆ ಮಾತು ಬಾಯಿಂದ ಬಿದ್ದ ಮೇಲೆ ಅವರು ಕಟ್ಟೆಯ ಮೇಲೆ ಕೂತರು.

“ಆ ಟೆಂಪೊದಾಂವನೂ ಹಿಂಗ ಅಂದ. ಕೋರ್ಟಿನ್ಯಾಗ ನಿಂತು ನನ್ನ ಮಾರಿ ನೋಡಿ ಇದ ಮಾತ ಹೇಳಿದ. ನಾ ಅಂವನ್ನ ನಂಬಲಿಲ್ಲ. ಸುಳ್ಳ ಹೇಳಾಕತ್ತಾನ ಅಂದೆ. ಕಣ್ಣಿದ್ದ ಮನಷ್ಯಾಗ ಒಂದ ಆಳು ಕಾಣಂಗಿಲ್ಲಂದ್ರ ಹೆಂಗ ಅಂತ ಅಂದೆ.”

ಎಂಜಿನಿಯರ್ ದೂರದಲ್ಲೇ ಉಳಿದರು. ಕಟ್ಟೆಯ ಈಚೆ ನಾನೂ ಕೂತೆ. ಅವರು ಅಳುತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಅಕ್ಕ ಇದ್ದಳು ಎಂದೆ. ‘ಇದ್ದಳು’ ಎಂಬುದನ್ನು ಅವರು ಗಮನಿಸಿದರು.

ಮಾಳಿಗೆಯ ದೀಪಗಳನ್ನು ಮತ್ತೆ ಹತ್ತಿಸಲೇ ಎಂದು ಕಾವಲುಗಾರ ಕೂಗಿ ಕೇಳಿದ. ಬೇಡವೆಂದು ಮಾಲೀಕರು ಕೈ ಆಡಿಸಿದರು. ಕತ್ತಲಲ್ಲಿ ಅದು ಅವನಿಗೆ ಕಾಣಲಿಲ್ಲ. ಎಂಜಿನಿಯರ್ ಹೋಗಿ ಹೇಳಿ ಬಂದರು.

ಅಲ್ಲಿಂದ ಮುಂದಿನ ಕೆಲಸ ದೀರ್ಘವಾಯಿತು, ಆದರೆ ತೊಡಕಿರಲಿಲ್ಲ. ಬರಿಯ ದೀಪ ಆರಿಸಿದರೆ ಆಗುವುದಿಲ್ಲ, ಆ ಹೆಂಗಸು ಹೇಳಿದ್ದೂ ನಿಜವೇ ಎಂದು ನಾನು ಸಮಿತಿಯಲ್ಲಿ ಹೇಳಿದೆ. ನಿಧಾನ ಬಂದ ನಮ್ಮ ಕಾರಿಗೆ ಹೆಡ್‌ಲೈಟು ಸಾಕಾಯಿತು, ವೇಗವಾಗಿ ಬರುವ ಗಾಡಿಗೆ ಅದು ಸಾಲದು. ನಡೆಯುವವರಿಗೆ ರಸ್ತೆ ಕಾಣಬೇಕು, ಓಡಿಸುವವರಿಗೆ ನಡೆಯುವವರು ಕಾಣಬೇಕು. ಬೆಳಕು ಕಟ್ಟಡದಿಂದ ಬರಕೂಡದು. ಚಾಲಕನ ಹಿಂದಿನಿಂದ, ತಲೆಯ ಮೇಲಿನಿಂದ ನೆಲಕ್ಕೆ ಇಳಿಯಬೇಕು. ತಿರುವಿನ ಒಳ ಅಂಚಿಗೆ ಯಲವಿಗಿ ಕಡೆಯಿಂದ ಶುರು ಮಾಡಿ ಕಂಬಗಳು, ಪ್ರತಿ ದೀಪಕ್ಕೂ ಬುಟ್ಟಿ ಕವಚಿದಂಥ ಮರೆ, ಬಿಳಿ ಬೆಳಕಿನ ಬದಲು ಹಳದಿಗೆ ಹತ್ತಿರದ ಬಣ್ಣ. ರಸ್ತೆಯ ಜಾಗದಲ್ಲಿ ಕಂಬ ನೆಡಲು ಅನುಮತಿ ಬೇಕಿತ್ತು. ಆ ಓಡಾಟವನ್ನೆಲ್ಲ ಅಧ್ಯಕ್ಷರೇ ಮಾಡಿದರು. ಅಂಗಡಿಯ ಮುಖಕ್ಕೆ ಸಜ್ಜದ ಅಡಿಯಿಂದ ಗೋಡೆಯ ಮೇಲಷ್ಟೇ ಇಳಿಯುವ ಸಣ್ಣ ದೀಪಗಳನ್ನು ನಕ್ಷೆಯಲ್ಲಿ ಬರೆದೆ. ಹಬ್ಬ ಬಂದು ಹೋಯಿತು, ಅಂಗಡಿ ತೆರೆಯಲಿಲ್ಲ. ಮಾಲೀಕರು ಒಂದು ಸಲವೂ ಅವಸರ ಮಾಡಲಿಲ್ಲ. ಫ್ಲಡ್‌ಲೈಟುಗಳನ್ನು ಇಳಿಸುವ ದಿನ ತಾವೇ ಮಾಳಿಗೆ ಹತ್ತಿ ನಿಂತಿದ್ದರೆಂದು ಎಂಜಿನಿಯರ್ ಹೇಳಿದರು.

ಕೊನೆಯ ಪರಿಶೀಲನೆಗೆ ಹೋದಾಗ ಚಳಿ ಬಿದ್ದಿತ್ತು. ಹೊತ್ತು ಮುಳುಗಿ ಕಂಬದ ದೀಪಗಳು ಆಗಷ್ಟೇ ಹತ್ತಿದ್ದವು. ಮಣ್ಣಿನ ಬಣ್ಣದ ಕಟ್ಟಡ ತಣ್ಣಗೆ ಹಿಂದೆ ಸರಿದು ನಿಂತಂತಿತ್ತು. ನಾನು ಗುರುತುಗಳ ಮೇಲೆ ನಡೆದು, ಮರೆಗಳ ಓರೆ ನೋಡಿ, ಎಲ್ಲ ಸರಿಯಿದೆ ಎಂದೆ. ಹೊರಡಬೇಕೆಂದಿದ್ದೆ. ಮಾಲೀಕರು ತಡೆದರು.

“ಇವತ್ತ ನಾ ನಿಲ್ತೇನಿ. ನೀವು ಗಾಡಿ ಹೊಡಕೊಂಡ ಬರ್ರಿ.”

ಬೇಡ ಎಂದು ಎಂಜಿನಿಯರ್ ಹೇಳಿದರು. ಅವರು ಆಗಲೇ ಮೋರಿಯ ಕಡೆಗೆ ನಡೆದಿದ್ದರು.

ನಾನು ಯಲವಿಗಿ ಕಡೆಗೆ ಸಾಕಷ್ಟು ದೂರ ಹೋಗಿ ಕಾರು ತಿರುಗಿಸಿದೆ. ಒಬ್ಬಳೇ ಇದ್ದೆ. ರಸ್ತೆ ಖಾಲಿಯಿತ್ತು. ನೇರ ಹಾದಿ ಮುಗಿಯುವ ಮೊದಲೇ ಅವರು ಕಂಡರು. ಮೊದಲು ಬಿಳಿ ಬಟ್ಟೆ, ಆಮೇಲೆ ಟೊಪ್ಪಿಗೆ, ಕಟ್ಟೆಯ ಮೇಲಿಟ್ಟ ಕೈ. ಇನ್ನೂ ಹತ್ತಿರವಾದಂತೆ ಮುಖ ಕಂಡಿತು. ಅವರು ನಾನು ಬರುವ ದಿಕ್ಕಿಗೆ ನೋಡುತ್ತಿರಲಿಲ್ಲ, ಕಟ್ಟೆಯ ಬುಡ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಒಬ್ಬ ಮನುಷ್ಯನನ್ನು ಅವನಿಗೆ ತಿಳಿಯದಂತೆ ಅಷ್ಟು ದೂರದಿಂದ ಅಷ್ಟು ಸ್ಪಷ್ಟವಾಗಿ ನಾನು ನೋಡುತ್ತಿದ್ದೆ. ಕಾರನ್ನು ಮಗ್ಗುಲಿಗೆ ತೆಗೆದು ನಿಲ್ಲಿಸಿ ಇಳಿದೆ.

“ಕಂಡ್ನೇನ್ರಿ?” ಎಂದರು.

“ಕಂಡ್ರಿ ಸಾಹೇಬ್ರ. ದೂರದಿಂದನ ಕಂಡ್ರಿ.”

“ಮಾರಿ?”

“ಮಾರೀನೂ ಕಾಣ್ತು.”

ಅವರು ತಲೆಯಾಡಿಸಿದರು. ಬನ್ನಿ, ಹೋಗೋಣ ಎಂದೆ. ನೀವು ನಡೀರಿ, ಸ್ವಲ್ಪ ನಿಂತು ಬರುತ್ತೇನೆ ಎಂದರು. ಕಾರಿನ ಹತ್ತಿರ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಯಲವಿಗಿ ಕಡೆಯಿಂದ ಲಾರಿಯೊಂದು ಬರುವ ಸದ್ದಾಯಿತು. ತುಂಬಿದ ಲಾರಿ, ಇಳಿಜಾರಿನಲ್ಲಿ ವೇಗವಾಗಿಯೇ ಬರುತ್ತಿತ್ತು. ಕೂಗಬೇಕೆಂದುಕೊಂಡೆ. ಅವತ್ತು ಕಟ್ಟೆಯ ಹಿಂದೆ ಕಾದರೂ ಬಾರದ ಹೆದರಿಕೆ ಈಗ ಬಂದಿತ್ತು. ಲಾರಿ ತಿರುವಿಗೆ ಇನ್ನೂ ದೂರವಿರುವಾಗಲೇ ವೇಗ ತಗ್ಗಿಸಿತು. ಅಂಚಿನಲ್ಲಿ ನಿಂತ ಮುದುಕರಿಗೆ ಜಾಗ ಬಿಟ್ಟು, ರಸ್ತೆಯ ನಡುವಿಗೆ ಸರಿದು, ನಿಧಾನವಾಗಿ ಅವರನ್ನು ದಾಟಿ ಸವಣೂರಿನ ಕಡೆಗೆ ಹೋಯಿತು.